ಹತ್ತಿ ಗೋದಾಮಿಗೆ ಮನೆ ನೋಡಲು ಬಂದವರು

ಮರೋಳ ಎಂಬ ಹಳ್ಳಿಯ ಯಜಮಾನರು "ಬರೂ ಸೋಮವಾರ ನಿಮ್ಮ ಕಾಲೇಜಿಗೆ ಮನಿ ನೋಡಾಕ ಬರ್ತೇವಿ" ಎಂದು ಬಸ್ಸಿನ ಕಂಡಕ್ಟರನ ಮುಂದೆ ಹೇಳಿ ಕಳಿಸಿದ ದಿನ ನನಗೆ ರೊಟ್ಟಿ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಕಾಲೇಜಿಗೆ ಯಾರಾದರೂ ಮನೆ ನೋಡಲು ಬರುತ್ತಾರೆಯೇ ಎಂದು ಈಗಿನವರು ನಗಬಹುದು. ಆಗ ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಕಡೆ ಮನೆ ನೋಡುವುದೆಂದರೆ ಸಣ್ಣ ಕೆಲಸವಲ್ಲ. ಮಗಳನ್ನು ಕೊಡುವ ಮೊದಲು ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಹೋಗುತ್ತಾರೆ. ಬಾಯಿ ಮಳೆ ಬೆಳೆ ಮಾತಾಡುತ್ತಿರುತ್ತದೆ, ಕಣ್ಣು ಜಂತಿ ಎಣಿಸುತ್ತಿರುತ್ತದೆ. ಜೊತೆಗೆ ಬಂದ ಹಿರಿಯ ಹೆಣ್ಣುಮಗಳು ನೇರವಾಗಿ ಅಡಿಗೆಮನೆಗೆ ನಡೆದುಬಿಡುತ್ತಾಳೆ. ನೀರು ಕುಡಿಯುತ್ತಾರೆ, ಹೆಚ್ಚೆಂದರೆ ಚಹಾ. ಸಿಹಿಯನ್ನು ಮಾತ್ರ ಮುಟ್ಟುವುದಿಲ್ಲ. ಸಿಹಿ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು, ಹೆಣ್ಣು ಕೊಟ್ಟಂತೆ. ಅದಕ್ಕೇ ಬುದ್ಧಿ ಇದ್ದ ಗಂಡಿನ ಕಡೆಯವರು ಮೊದಲ ಭೇಟಿಯಲ್ಲಿ ಸಿಹಿಯನ್ನು ಅವರ ಕಣ್ಣಿಗೂ ಬೀಳಿಸುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹುನಗುಂದದ ಹೊರಗೆ, ಇಳಕಲ್ ರಸ್ತೆಯ ಮೇಲೆ, ನಾಲ್ಕಾರು ವ್ಯಾಪಾರಸ್ಥರು ಸೇರಿ ಹೊಸದಾಗಿ ಒಂದು ಕಾಮರ್ಸ್ ಕಾಲೇಜು ತೆರೆದಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಿಯುಸಿ, ಮುಂದೆ ಬಿ.ಕಾಂ. ಕಟ್ಟಡವೆಂದರೆ ವ್ಯಾಪಾರ ನಿಂತುಹೋದ ಒಂದು ಹತ್ತಿ ಗೋದಾಮು, ನಡುವೆ ಹಲಗೆ ನಿಲ್ಲಿಸಿ ಕೋಣೆ ಮಾಡಿದ್ದರು. ಜೋರಾಗಿ ಗಾಳಿ ಬಂದರೆ ಜಂತಿಯ ಸಂದಿಯಿಂದ ಹಳೆಯ ಹತ್ತಿ ಎಳೆ ಎಳೆಯಾಗಿ ಇಳಿದು ಹುಡುಗರ ತಲೆಯ ಮೇಲೆ, ನನ್ನ ಕೋಟಿನ ಮೇಲೆ ಕೂಡುತ್ತಿತ್ತು. ಊರು ಅದಕ್ಕೆ ಇಟ್ಟ ಹೆಸರು ಹತ್ತಿ ಕಾಲೇಜು. ಸಂಜೆ ಚಹಾದ ಅಂಗಡಿಗೆ ಹೋದರೆ ಅಂಗಡಿಯವನು ಬೇಕೆಂತಲೇ ಕೇಳುತ್ತಿದ್ದ: "ಏನ್ ಸರ, ಇವತ್ತಿನ ಹಿಂಜೂದು ಮುಗೀತೇನ್ರಿ?"

ಬಾಗಲಕೋಟೆಯ ಹಳೆಯ ಕಾಲೇಜಿನ ಮಾತೇ ಬೇರೆ. ಕಲ್ಲಿನ ಕಟ್ಟಡ, ಮುಂದೆ ಬೇವಿನ ಮರಗಳು, ಎರಡು ಓಣಿ ಆಚೆಗೂ ಕೇಳಿಸುವ ಗಂಟೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಯ ಬದಿಗೆ ಕುಳಿತ ಹುಡುಗನನ್ನು ಕಂಡರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು:

"ಎಲ್ಲಿ ಕಲೀತೀಯೋ ತಮ್ಮಾ?"

"ಬಾಗಲಕೋಟ್ಯಾಗ್ರಿ."

"ಹಂಗಾರ ನೌಕರಿ ಹತ್ತಿದಂಗ ಬಿಡು."

ಅಷ್ಟೇ. ಯಾವ ವಿಷಯ, ಎಷ್ಟು ಮಾರ್ಕು, ಯಾರೂ ಕೇಳುತ್ತಿರಲಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ, ಕಚೇರಿಗಳ ಟೈಪ್‌ರೈಟರಿನ ಮುಂದೆ, ಸಿಮೆಂಟ್ ಫ್ಯಾಕ್ಟರಿಯ ಹಾಜರಿ ಖಿಡಕಿಯಲ್ಲಿ ಕುಳಿತವರನ್ನೆಲ್ಲ ಆ ಗಂಟೆಯೇ ಬಡಿದು ಕಳಿಸಿದೆ ಎಂಬ ನಂಬಿಕೆ ಜನರಲ್ಲಿತ್ತು.

ನಾನೂ ಆ ಗಂಟೆಯ ಕೆಳಗೆ ಓದಿದವನೇ. ಬಾದಾಮಿಯ ಹುಡುಗ. ಬಾಗಲಕೋಟೆಯಲ್ಲಿ ಬಿ.ಕಾಂ. ಮುಗಿಸಿ, ಧಾರವಾಡದಲ್ಲಿ ಎಂ.ಕಾಂ. ಮಾಡಿ, ಆಮೇಲೆ ಎರಡು ಮಳೆಗಾಲ ಮನೆಯಲ್ಲಿ ಕುಳಿತೆ. ಬನಶಂಕರಿಗೆ ಹೋಗುವ ಟಾಂಗಾದವರು ಕೂಡ "ಇನ್ನೂ ಇಲ್ಲೇ ಅದೀಯೇನೋ?" ಎನ್ನುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ನಾನು ಹೊಂಡದ ಹಿಂದಿನ ದಾರಿ ಹಿಡಿದು ಓಡಾಡಲು ಕಲಿತೆ. ಕೊನೆಗೆ ನನಗೆ ಬಾಗಿಲು ತೆರೆದದ್ದು ಈ ಹತ್ತಿ ಗೋದಾಮು. ಕೆಲಸ ಸಿಕ್ಕ ವರ್ಷವೇ ಇಳಕಲ್ಲಿನ ಒಂದು ಸೀರೆ ವ್ಯಾಪಾರಿ ಮನೆತನದವರು ಬಾದಾಮಿಗೆ ಬಂದು ನಮ್ಮ ಮನೆ ನೋಡಿದರು. ನಮ್ಮ ಮನೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. "ಹುಡುಗ ಲೆಕ್ಚರರ್ ಅದಾನ" ಎಂಬ ಒಂದು ಮಾತಿನ ಮೇಲೆ ಸಕ್ಕರೆ ತಿಂದು ಹೋದರು. ಬರುವ ದೀಪಾವಳಿ ಕಳೆದ ಮೇಲೆ ಮದುವೆ ಎಂದು ಗೊತ್ತುಮಾಡಿದ್ದರು.

ಇಂಥ ಹೊತ್ತಿನಲ್ಲಿ, ಜೂನ್ ತಿಂಗಳ ಆರಂಭದಲ್ಲಿ, ಕಾಲೇಜಿನ ಅಧ್ಯಕ್ಷರು ನನ್ನನ್ನು ಕರೆಸಿದರು. ಹತ್ತಿ ವ್ಯಾಪಾರದಲ್ಲಿ ಕೂದಲು ಬಿಳಿ ಮಾಡಿಕೊಂಡ ಮನುಷ್ಯ. ಗಾದಿಯ ಮೇಲೆ ಒರಗಿಕೊಂಡು, ಅಡಿಕೆ ಕತ್ತರಿಸುತ್ತ, ನಗುನಗುತ್ತಲೇ ಹೇಳಿದರು.

"ಸರ, ಹ್ವಾದ ವರ್ಷ ಅರ್ಧ ಬೆಂಚು ಖಾಲಿ ಉಳದ್ವು. ಈ ವರ್ಷನೂ ಹಂಗ ಉಳದ್ರ ಕಾಮರ್ಸ್ ಬಂದ್ ಮಾಡೂದ. ನಾವು ಗೋದಾಮಿನ ಮಂದಿರಿ. ಮಾಲು ಬರಲಿಲ್ಲಂದ್ರ ಬಾಗಲಾ ಹಾಕೂದು ನಮಗ ರೂಢಿ ಐತಿ."

"ನಾ ಏನ್ ಮಾಡ್ಬೇಕ್ರಿ?"

"ಹುಡುಗ್ರನ್ನ ಕರ್ಕೊಂಡ್ ಬರ್ರಿ. ಬರಲಿಲ್ಲಂದ್ರ ನಿಮಗ ಬಾದಾಮಿ ಬಸ್ಸು ಗೊತ್ತ ಐತಲ್ಲ."

ನಮ್ಮ ಅಜ್ಜಿ ಅಂಜಿಕೆಯಲ್ಲಿ ಎರಡು ನಮೂನೆ ಎನ್ನುತ್ತಿದ್ದಳು. ಒಂದು ಕಾಲಿಗೆ ಬರುವುದು, ಒಂದು ಹೊಟ್ಟೆಗೆ ಬರುವುದು. ಕಾಲಿಗೆ ಬಂದರೆ ಮನುಷ್ಯ ಓಡಿಯಾದರೂ ಹೋಗುತ್ತಾನೆ, ಹೊಟ್ಟೆಗೆ ಬಂದರೆ ಕುಳಿತಲ್ಲೇ ಕರಗುತ್ತಾನೆ ಎಂದು ಅವಳ ಲೆಕ್ಕ. ನನಗೆ ಅವತ್ತು ಬಂದದ್ದು ಎರಡನೆಯದು. ಟಾಂಗಾದವರ ಮುಖ, ಇಳಕಲ್ಲಿನ ಮಾವನವರಾಗುವವರ ಮುಖ, ನಮ್ಮವ್ವನ ಮುಖ ಒಂದರ ಹಿಂದೊಂದು ಕಣ್ಣ ಮುಂದೆ ಬಂದು ನಿಂತವು.

ಹುಡುಗರನ್ನು ತರಲು ನಾನೂ ನಮ್ಮ ಪ್ರಿನ್ಸಿಪಾಲರೂ ಊರೂರು ತಿರುಗಿದೆವು. ಪ್ರಿನ್ಸಿಪಾಲರು ಮೈಸೂರು ಕಡೆಯವರು, ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದವರು. ಮನಸ್ಸು ಬೆಣ್ಣೆ, ಭಾಷೆ ಮಾತ್ರ ಪಠ್ಯಪುಸ್ತಕದ್ದು. ಅವರು ಮಾತಾಡಿದರೆ ಹಳ್ಳಿಯ ಜನ ರೇಡಿಯೋ ಕೇಳುವವರ ಹಾಗೆ ಸುಮ್ಮನೆ ಕೇಳಿ, ಮುಗಿದ ಮೇಲೆ ತಮ್ಮ ಕೆಲಸಕ್ಕೆ ಏಳುತ್ತಿದ್ದರು. ಎಲ್ಲಿ ಹೋದರೂ ಕೊನೆಗೆ ಬರುವ ಪ್ರಶ್ನೆ ಒಂದೇ. ಮರೋಳದಲ್ಲಿಯೂ ಅದೇ ಬಂತು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಯಜಮಾನರು ಹಣೆತುಂಬ ವಿಭೂತಿ ಹಚ್ಚಿದ, ಬಿಳಿಯ ಪಟಕಾ ಸುತ್ತಿದ ಎತ್ತರದ ಆಳು. ಊರಿನಲ್ಲಿ ಯಾರ ಮಗ ಎಲ್ಲಿ ಓದಬೇಕೆಂಬುದನ್ನು ಅವರನ್ನು ಕೇಳದೆ ಯಾರೂ ಗೊತ್ತುಮಾಡುತ್ತಿರಲಿಲ್ಲ. ಅವರು ಹೂಂ ಎಂದರೆ ಆ ವರ್ಷ ಪಾಸಾದ ಇಡೀ ಮರೋಳ ನಮ್ಮ ಬೆಂಚಿಗೆ ಬಂದು ಕೂಡುತ್ತಿತ್ತು.

"ನಿಮ್ಮಲ್ಲಿ ಕಲ್ತವ್ರು ಎಲ್ಲೆಲ್ಲಿ ನೌಕರಿಗೆ ಹತ್ಯಾರ್ರಿ?" ಎಂದು ಯಜಮಾನರು ಕೇಳಿದರು.

"ನಮ್ಮದು ಹೊಸ ಸಂಸ್ಥೆ, ಯಜಮಾನರೇ. ಮುಂದಿನ ಭವಿಷ್ಯ ಅತ್ಯಂತ ಉಜ್ವಲವಾಗಿದೆ" ಎಂದರು ಪ್ರಿನ್ಸಿಪಾಲರು.

ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಬೀರಪ್ಪನ ಗುಡಿಯ ಪೂಜಾರಿ ಯಜಮಾನರ ಕಡೆ ಬಾಗಿದ. "ಏನಂದ್ರೋ ಅವ್ರು?"

"ಇನ್ನೂ ಒಬ್ಬರಿಗೂ ಹತ್ತಿಲ್ಲ ಅಂದ್ರು."

ಕಟ್ಟೆ ಪೂರ್ತಿ ನಕ್ಕಿತು. ಅಷ್ಟು ಸಾಲದೆಂಬಂತೆ ಅದೇ ಹೊತ್ತಿಗೆ ಟೆರಿಲಿನ್ ಅಂಗಿ ತೊಟ್ಟ ಒಬ್ಬ ಯುವಕ ಆ ದಾರಿಯಲ್ಲಿ ಬಂದ. ಬಾಗಲಕೋಟೆಯಲ್ಲಿ ಓದಿ ಬ್ಯಾಂಕು ಸೇರಿದ್ದ ಆ ಊರಿನದೇ ಹುಡುಗ, ರಜೆಯಲ್ಲಿ ಊರಿಗೆ ಬಂದಿದ್ದ. ಯಜಮಾನರು "ನೋಡ್ರಿ, ಇಂವ ನಮ್ಮ ಬಾಗಲಕೋಟಿ ಮಾಲು" ಎಂದು ತೋರಿಸಿದರು. ಅವನು ನನ್ನನ್ನು ನೋಡಿದ್ದೇ ಅರಳಿಬಿಟ್ಟ.

"ಸರ! ನೀವು ನನಗಿಂತ ಮುಂದಿನ ಬ್ಯಾಚಿನವ್ರಲ್ಲೇನ್ರಿ? ನಿಮ್ಮ ನೋಟ್ಸು ಓದೇ ನಾ ಪಾಸಾಗೀನಿ!"

ಪ್ರೀತಿಯಿಂದಲೇ ಆಡಿದ ಮಾತು. ನನಗೆ ಕಟ್ಟೆ ಬಿರಿದು ನುಂಗಬಾರದೇ ಅನ್ನಿಸಿತು. ಯಜಮಾನರು ಅವನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಚಪ್ಪಲಿಯನ್ನೂ ನೋಡಿದರು.

"ಹೌದೇನ್ರಿ ಮಾಸ್ತರ್ರ? ನೋಟ್ಸು ಬರದವ್ರು ಹತ್ತಿ ಗೋದಾಮಿಗೆ, ಓದಿದವ ಬ್ಯಾಂಕಿಗೆ. ಒಂದ ಕಾಲೇಜು, ಎರಡು ದಾರಿ. ಹಂಗಾರ ಬರೇ ಕಾಲೇಜಿನ ಹೆಸರ ಕೇಳಿ ಕೊಡೂದು ತಪ್ಪಾಕ್ಕೈತಿ." ಅವರು ಮೀಸೆ ಸವರಿಕೊಂಡರು. "ಎರಡೂ ಮನಿ ನೋಡೂಣು. ಮದಲ ಬಾಗಲಕೋಟಿ. ಆಮ್ಯಾಲ ನಿಮ್ಮದು."

ಪೂಜಾರಿ ಕಂಬಳಿಯೊಳಗಿಂದಲೇ ಹೇಳಿದ: "ಖರೇನ ಹೋಗ್ತೀಯೇನ್ಲೇ? ಹೆಣ್ಣ ಕೊಡಾಕ ಹೊಂಟಾವ್ರಂಗ ಮಾತಾಡ್ತೀ."

"ಮಕ್ಕಳನ್ನ ಕೊಡೂದ ಅಲ್ಲೇನಲೇ? ಮತ್ತ!"

ಹೀಗೆ ಕಂಡಕ್ಟರನ ಮುಂದೆ ಹೇಳಿ ಕಳಿಸಿದ ಸೋಮವಾರ ಬಂತು. ಎತ್ತು ಹೂಡದ ದಿನ, ಹಿರಿಯರಿಗೆ ಪುರುಸೊತ್ತು. ನಾನು ಬೆಳಿಗ್ಗೆ ಹೋಗಿ ಜಂತಿಯ ಹತ್ತಿಯನ್ನು ಕೋಲಿನಿಂದ ಕೆಡವಿ ಗುಡಿಸಿದೆ. ಬೆಂಚು ಒರೆಸಿದೆ. ಹೊಸ ಕೊಡದಲ್ಲಿ ಬಾವಿಯ ನೀರು ತುಂಬಿ, ಮೇಲೆ ತಾಟು ಮುಚ್ಚಿದೆ. ಪ್ರಿನ್ಸಿಪಾಲರು ಕೋಟು ಹಾಕಿಕೊಂಡು ಬಂದರು. ಅವರ ಕೈಚೀಲ ಯಾಕೋ ಭಾರವಾಗಿತ್ತು. ನಾನು ಕೇಳಲಿಲ್ಲ. ಅವತ್ತು ನನ್ನ ಕಣ್ಣೆಲ್ಲ ರಸ್ತೆಯ ಮೇಲೆ.

ಯಜಮಾನರು ಬಂದರು, ಪೂಜಾರಿ ಬಂದ, ಅವರಿಬ್ಬರ ಹಿಂದೆ ಯಜಮಾನರ ಅಕ್ಕ ಬಂದಳು. ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದ, ಬಾಗಿದ ಬೆನ್ನಿನ ಮುದುಕಿ. ಹೊಸ್ತಿಲು ದಾಟುತ್ತಲೇ ಗಂಡಸರನ್ನು ಬಿಟ್ಟು ಗೋದಾಮಿನ ಹಿಂಬದಿಗೆ ನಡೆದೇಬಿಟ್ಟಳು. ಅಡಿಗೆಮನೆ ಹುಡುಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಕಾಲೇಜಿನಲ್ಲಿ ಅಡಿಗೆಮನೆ ಎಲ್ಲಿಂದ ತರಲಿ?

ಯಜಮಾನರು ಗೋಡೆಗೆ ಬೆರಳಿನಿಂದ ಬಡಿದು ನೋಡಿದರು. ಮೇಲೆ ನೋಡಿದರು. ಸರಿಯಾಗಿ ಆಗಲೇ ಒಂದು ಎಳೆ ಹತ್ತಿ ಇಳಿದು ಅವರ ಪಟಕಾದ ಮೇಲೆ ಕುಳಿತಿತು.

"ಬಾಗಲಕೋಟಿಗೆ ಹೋಗಿದ್ವಿರಿ" ಎಂದರು ಯಜಮಾನರು, ಬೆಂಚಿನ ಮೇಲೆ ಕುಳಿತುಕೊಳ್ಳುತ್ತ. "ಕಾಲೇಜಂದ್ರ ಅದು. ಪುಸ್ತಕದ ಖೋಲಿ ಒಳಗ ಹೊಕ್ಕ್ರ ಹೊರಗ ಬರೂ ದಾರಿ ಸಿಗೂದಿಲ್ಲ. ಗ್ವಾಡೀ ಮ್ಯಾಲ ನೌಕರಿಗೆ ಹತ್ತಿದವ್ರ ಫೋಟೋ ಸಾಲಕ ಸಾಲ ಹಾಕ್ಯಾರ."

"ಇಲ್ಲಿ ಗ್ವಾಡಿನರೆ ಅದಾವು, ಫೋಟೋ ಹಾಕಾಕ ಜಗಾ ಭಾಳ ಐತಿ" ಎಂದ ಪೂಜಾರಿ.

ಅಷ್ಟರಲ್ಲಿ ಪ್ರಿನ್ಸಿಪಾಲರು ತಮ್ಮ ಕೋಣೆಯಿಂದ ನಗುಮುಖದಲ್ಲಿ ಹೊರಬಂದರು. ಎರಡೂ ಕೈಯಲ್ಲಿ ಸ್ಟೀಲಿನ ತಾಟು. ತಾಟಿನ ತುಂಬ ಅಮೀನಗಡದ ಕರದಂಟು, ಮೇಲೆ ಗೋಡಂಬಿ ಮಿಂಚುತ್ತಿತ್ತು.

"ದಯಮಾಡಿ ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ. ಆಮೇಲೆ ಎಲ್ಲಾ ಮಾತು" ಎಂದರು.

ಯಜಮಾನರ ಕೈ ತೊಡೆಯ ಮೇಲೆಯೇ ಕಲ್ಲಾಯಿತು. ಪೂಜಾರಿ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡ, ಕರದಂಟು ತಾನಾಗಿಯೇ ಹಾರಿ ಬಾಯಿಗೆ ಬೀಳುತ್ತದೆಯೋ ಎಂಬಂತೆ. ಪ್ರಿನ್ಸಿಪಾಲರಿಗೆ ಅದು ಸಂಕೋಚದಂತೆ ಕಂಡಿತು.

"ಅಯ್ಯೋ, ಸಂಕೋಚ ಬೇಡಿ. ಒಂದೇ ಒಂದು ತುಣುಕು ತೆಗೆದುಕೊಳ್ಳಲೇಬೇಕು" ಎಂದು ತಾಟನ್ನು ಯಜಮಾನರ ಗದ್ದದವರೆಗೆ ಒಯ್ದರು.

ಯಜಮಾನರು ಎದ್ದು ನಿಂತರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ.

"ನಾವಿನ್ನೂ ಹೂಂ ಅಂದಿಲ್ರಿ. ಅಷ್ಟರಾಗ ಸಿಹಿ ಹಿಡಕೊಂಡ್ ಮೈಮ್ಯಾಲ ಬರ್ತೀರಿ. ಈ ಮನ್ಯಾಗ ಏನ್ ಮುಚ್ಚಾಕತ್ತೀರಿ?"

ಪ್ರಿನ್ಸಿಪಾಲರಿಗೆ ಏನೂ ಅರ್ಥವಾಗಲಿಲ್ಲ. ತಾಟು ಹಿಡಿದುಕೊಂಡೇ ನನ್ನ ಕಡೆ ನೋಡಿದರು. ನಾನು ಹೋಗಿ ಅವರ ಕೈಯಿಂದ ತಾಟು ತೆಗೆದುಕೊಂಡು ಕೋಣೆಯೊಳಗೆ ಇಟ್ಟು ಬಾಗಿಲು ಎಳೆದು ಬಂದೆ.

"ಯಜಮಾನ್ರ, ನಮ್ಮ ದೊಡ್ಡ ಸರ ಮೈಸೂರು ಕಡೇವ್ರು. ಅವ್ರ ಕಡೆ ಬಂದವ್ರಿಗೆ ಮದಲ ಸಿಹಿ ಕೊಡೂದ ಪದ್ಧತಿ. ತಪ್ಪ ತಿಳೀಬ್ಯಾಡ್ರಿ. ಮುಚ್ಚೂದು ಏನೂ ಇಲ್ರಿ."

"ಇಲ್ಲೇನು? ಹಂಗಾರ ಕೇಳಿದ್ದಕ್ಕ ಹೇಳ್ರಿ. ನಿಮ್ಮಲ್ಲಿ ಕಲ್ತ್ರ ನೌಕರಿ ಸಿಗ್ತೈತಿ?"

ಪ್ರಿನ್ಸಿಪಾಲರು ಕಣ್ಣಿನಿಂದಲೇ ಸನ್ನೆ ಮಾಡುತ್ತಿದ್ದರು, ಉಜ್ವಲ ಅನ್ನು, ಉಜ್ವಲ ಅನ್ನು ಎಂದು. ನನಗೆ ಆ ಪದ ಬಾಯಿಗೆ ಬರಲಿಲ್ಲ. ಸುಳ್ಳು ಹೇಳುವುದಕ್ಕೂ ಒಂದು ಧೈರ್ಯ ಬೇಕು, ಅದು ನನ್ನ ಹತ್ತಿರ ಇರಲಿಲ್ಲ.

"ಗೊತ್ತಿಲ್ರಿ" ಎಂದೆ. "ಮದಲ್ನೇ ಬ್ಯಾಚು ಇನ್ನೂ ಹೊರಗ ಬಿದ್ದಿಲ್ಲ. ಬ್ಯಾಂಕಿನವ್ರು ಅರ್ಜಿ ನೋಡೂಮುಂದ ಬಾಗಲಕೋಟಿ ಹೆಸರ ಕಂಡ್ರ ಒಂದು ನಮೂನಿ ನೋಡ್ತಾರ, ನಮ್ಮ ಹೆಸರ ಕಂಡ್ರ ಇದೆಲ್ಲೈತಿ ಅಂತಾರ. ಅದು ಖರೆ. ಪಾಠ ಮಾತ್ರ ನಾ ಅಲ್ಲಿ ಕಲ್ತದ್ದನ್ನ ಇಲ್ಲಿ ಕಲಸ್ತೇನಿ."

ಆ ಹೊತ್ತಿಗೆ ಯಜಮಾನರ ಅಕ್ಕ ಹಿಂಬದಿಯಿಂದ ಸೆರಗು ಝಾಡಿಸುತ್ತ ಬಂದು ನನ್ನ ಎದುರು ನಿಂತಳು.

"ಯಪ್ಪಾ, ಹಿಂದ ಎಲ್ಲಾ ತಿರಿಗ್ಯಾಡಿ ಬಂದೆ. ಹೆಣ್ಣಮಕ್ಕಳು ಬಂದ್ರ ಹೊರಕಡಿಗೆ ಎಲ್ಲಿ ಹೋಗ್ಬೇಕೋ?"

ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಆ ಪ್ರಶ್ನೆ ನನಗೆ ಎಂದೂ ಬಂದಿರಲಿಲ್ಲ.

"ಅದು ಇಲ್ರಿ ಅವ್ವಾರ."

"ಇಲ್ಲಂದ್ರ? ಮಾಡ್ಸು."

ಕೊಡದ ನೀರು ಮಾತ್ರ ಕುಡಿದು ಹೋದರು. ಹೋಗುವಾಗ ಯಜಮಾನರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮನೆ ನೋಡಿದವರು ಹಾಗೆ ಹೋದರೆ ನಮ್ಮ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕುಳಿತು, "ಏನು ಜನರಪ್ಪಾ! ಸಿಹಿ ಕೊಟ್ಟರೆ ಸಿಟ್ಟಾಗುತ್ತಾರೆ" ಎಂದು ಹಲುಬಿದರು. ಪದ್ಧತಿ ವಿವರಿಸಿದ ಮೇಲೆ ಅವರ ಮುಖ ಬಿಳುಚಿತು. "ಮೊದಲೇ ಹೇಳಬಾರದಿತ್ತೇ?" ಎಂದರು. ಹೇಳಬೇಕಾದ ಮಾತು ಅದೊಂದು ಎಂದು ನನಗೆ ಹೊಳೆದೇ ಇರಲಿಲ್ಲ. ಉಸಿರಾಡುವುದು ಹೇಗೆ ಎಂದು ಯಾರಿಗಾದರೂ ಹೇಳಿಕೊಡುತ್ತೇವೆಯೇ?

ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ನಾನು ಆ ಮುದುಕಿಯ ಮಾತನ್ನು ಹಿಡಿದೆ. ಯಾಕೆ ಹೇಳಿದಳೋ, ಯಾರಿಗಾಗಿ ಹೇಳಿದಳೋ, ವಿಚಾರ ಮಾಡಲಿಲ್ಲ. ಅವರು ಇಡೀ ಭೇಟಿಯಲ್ಲಿ ಮಾಡು ಎಂದು ಹೇಳಿದ ಕೆಲಸ ಅದೊಂದೇ ಆಗಿತ್ತು. ಅಧ್ಯಕ್ಷರ ಗಾದಿಯ ಮುಂದೆ ಹೋಗಿ ನಿಂತು ಗೋಗರೆದೆ.

"ಹುಡುಗ್ಯಾರ ಇಲ್ಲದ ಕಾಲೇಜಿಗೆ ಹುಡುಗ್ಯಾರ ಪಾಯಖಾನಿ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಹಳೇ ತಗಡು ಬಿದ್ದಾವು, ತಗೊಂಡ್ ಹೋಗ್ರಿ" ಎಂದರು.

ಗೌಂಡಿಯವನ ಜೊತೆ ನಾನೇ ನಿಂತು, ಕಲ್ಲು ಹೊತ್ತು, ಹಿಂಬದಿಯಲ್ಲಿ ಗೋಡೆ ಎಬ್ಬಿಸಿ ತಗಡಿನ ಬಾಗಿಲು ಇಡಿಸಿದೆ. ಚಹಾದ ಅಂಗಡಿಯವನಿಗೆ ಹೊಸ ಹುರುಪು ಬಂತು. "ಏನ್ ಸರ, ಎಂ.ಕಾಂ. ನ್ಯಾಗ ಇದನ್ನೂ ಕಲಸ್ತಾರೇನ್ರಿ?"

ಪ್ರವೇಶದ ಕೊನೆಯ ದಿನ ಬಂತು. ಸುತ್ತಲಿನ ಹಳ್ಳಿಗಳಿಂದ ಕೆಲವು ಹುಡುಗರು ಸೇರಿದ್ದರು, ಆದರೂ ಹಿಂದಿನ ಸಾಲುಗಳು ಹಾಗೆಯೇ ಖಾಲಿ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕಣ್ಣಾರೆ ಕಂಡೆ. ಟ್ರಂಕು, ಹಾಸಿಗೆ ಸುರುಳಿ ಹಿಡಿದುಕೊಂಡು ಮರೋಳದ ಹುಡುಗರು ಸಾಲಾಗಿ ಬಾಗಲಕೋಟೆಯ ಬಸ್ಸು ಹತ್ತಿದರು. ಒಬ್ಬ ನನಗೆ ನಮಸ್ಕಾರವನ್ನೂ ಮಾಡಿದ. ಬಸ್ಸು ಅಮೀನಗಡದ ಕಡೆ ತಿರುಗಿ ಹೋಯಿತು. ಅಲ್ಲಿಂದ ಕಾಲೇಜಿನವರೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ. ಖಾಲಿ ಕೋಣೆಯಲ್ಲಿ ಕುಳಿತು, ಇಳಕಲ್ಲಿನವರಿಗೆ ಈ ಸುದ್ದಿಯನ್ನು ಯಾರ ಬಾಯಿಂದ ಹೇಳಿಸುವುದು, ನಾನೇ ಹೇಳುವುದೋ, ಅವ್ವನನ್ನು ಕಳಿಸುವುದೋ ಎಂದು ತಿರುತಿರುಗಿ ಅದನ್ನೇ ಯೋಚಿಸುತ್ತಿದ್ದೆ.

ಮಧ್ಯಾಹ್ನ ಬಾಗಿಲಿಗೆ ನೆರಳು ಬಿತ್ತು. ಯಜಮಾನರ ಅಕ್ಕ. ನನ್ನನ್ನು ಮಾತಾಡಿಸದೆ ಸೀದಾ ಹಿಂಬದಿಗೆ ಹೋದಳು. ತಗಡಿನ ಬಾಗಿಲು ತೆಗೆದ ಸದ್ದು, ಹಾಕಿದ ಸದ್ದು, ಚಿಲಕ ಎಳೆದು ನೋಡಿದ ಸದ್ದು ಒಂದೊಂದೂ ನನಗೆ ಕೇಳಿಸಿತು. ತಿರುಗಿ ಬಂದು ರಸ್ತೆಯ ಕಡೆ ಕೂಗಿದಳು.

"ಬರ್ರ್ಯಾ, ಐತಿ!"

ರಸ್ತೆಯ ಬದಿಯ ಬೇವಿನ ಗಿಡದ ಕೆಳಗಿಂದ ಯಜಮಾನರು ಎದ್ದು ಬಂದರು. ಅವರ ಹಿಂದೆ ಒಂದು ಹಿಂಡು ಹುಡುಗಿಯರು. ಎಣ್ಣೆ ಹಚ್ಚಿ ಬಿಗಿದ ಹೆರಳು, ಲಂಗ ದಾವಣಿ, ಎದೆಗೆ ಅವಚಿಕೊಂಡ ಮಾರ್ಕ್ಸ್ ಕಾರ್ಡು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತವರು, ಕೆಲವರು ಹಿಂದಿನ ವರ್ಷದಿಂದಲೂ. ಅವರನ್ನು ನಾನು ಮರೋಳದಲ್ಲಿ ಲೆಕ್ಕಕ್ಕೇ ಹಿಡಿದಿರಲಿಲ್ಲ, ಪ್ರಿನ್ಸಿಪಾಲರೂ ಹಿಡಿದಿರಲಿಲ್ಲ.

ಯಜಮಾನರು ಬೆಂಚಿನ ಮೇಲೆ ಕುಳಿತರು. "ಮಾಸ್ತರ್ರ, ಸುಳ್ಳ್ಯಾಕ ಹೇಳ್ಲಿ? ನೌಕರಿ ಲೆಕ್ಕದಾಗ ನಿಮ್ಮ ಕಾಲೇಜು ಸೋತೈತಿ. ಗಂಡಹುಡುಗ್ರನ್ನ ಬಾಗಲಕೋಟಿಗೆ ಕಳಿಸಿನಿ. ನೀವೂ ಅದನ್ನ ಅಂದ್ರಿ."

"ಹೌದ್ರಿ."

"ಇವ್ರನ್ನ ಹಾಸ್ಟೇಲಿಗೆ ಬಿಡಾಕ ನಮ್ಮ ಮನಸ್ಸು ಒಪ್ಪೂದಿಲ್ಲ. ಸಂಜಿಗೆ ಮನಿಗೆ ಬರಬೇಕು. ನಮ್ಮಕ್ಕ ಅಂತಾಳ, ಖರೆ ಮಾತಾಡೂ ಮಾಸ್ತರ ಅದಾನ, ಕಳ್ಸು ಅಂತ. ಇವ್ರಿಗೇನು ನೌಕರಿ ಬೇಕಾಗೈತೇನು? ನಾಕ ಅಕ್ಷರ ಕಲ್ತ್ರ ಸಾಕು."

"ನನಗ ಬೇಕು ಮುತ್ಯಾ" ಎಂದಳು ಹಿಂದೆ ನಿಂತಿದ್ದ ಎತ್ತರದ ಹುಡುಗಿ, ಅವರ ಮೊಮ್ಮಗಳು.

"ಬಾಯಿ ಮುಚ್ಚಲೇ."

"ಅಣ್ಣಗ ಬೇಕಾದ್ರ ನನಗ್ಯಾಕ ಬ್ಯಾಡ?"

"ನೋಡಿದ್ರೇನ್ರಿ? ಇನ್ನೂ ಕಲ್ತಿಲ್ಲ, ಆಗಲೇ ಹಿಂಗ" ಎಂದು ಯಜಮಾನರು ನನ್ನ ಕಡೆ ತಿರುಗಿದರು. ತುಟಿಯ ಅಂಚಿನಲ್ಲಿ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. "ಒಂದು ಕರಾರು. ಸಂಜಿ ಮುಂದ ನಮ್ಮೂರ ಬಸ್ ಹತ್ತಿಸೂದು ನಿಮ್ಮ ಮ್ಯಾಲ. ಕೈಕೆಳಗಿನವ್ರಲ್ಲ, ನೀವ ನಿಂತು ಹತ್ತಿಸ್ಬೇಕು. ಒಂದು ದಿನ ಒಬ್ಬಾಕಿ ತಪ್ಪಿದ್ಲಂದ್ರ ಮರುದಿನದಿಂದ ಒಬ್ಬಾಕಿನೂ ಬರೂದಿಲ್ಲ."

ನಾನು ಹೂಂ ಎಂದೆ. ಬೆಂಚುಗಳು ತುಂಬಿದವು. ಅಧ್ಯಕ್ಷರು ಬಂದು ನೋಡಿ, "ಮಾಲು ಬ್ಯಾರೆ ಬಂದೈತಿ, ಆದ್ರೂ ಗೋದಾಮು ತುಂಬೈತಿ" ಎಂದು ಹೋದರು. ಆ ಮಾತು ನನಗೆ ಸರಿ ಬರಲಿಲ್ಲ. ಆದರೂ ಅವತ್ತು ಹೊಟ್ಟೆತುಂಬ ಊಟ ಮಾಡಿದೆ. ಅಂಜಿಕೆ ಮುಗಿಯಿತು ಎಂದುಕೊಂಡೆ.

ಪಾಠ ಶುರುವಾದ ಮೊದಲ ಸಂಜೆಯೇ ಮರೋಳದ ಬಸ್ಸು ಬರಲಿಲ್ಲ.

ಬಾಗಲಕೋಟೆಯದು ಹೋಯಿತು, ಇಳಕಲ್ಲಿನದು ಬಂದು ಹೋಯಿತು. ಬಾದಾಮಿಯ ಬೋರ್ಡು ಹೊತ್ತ ಬಸ್ಸು ನನ್ನ ಮುಂದೆಯೇ ನಿಂತು, ಹೊಗೆ ಬಿಟ್ಟು ಹೊರಟಿತು. ಹೊತ್ತು ಇಳಿಯತೊಡಗಿತು, ಪಶ್ಚಿಮಕ್ಕೆ ಮೋಡ ಕಪ್ಪಿಟ್ಟಿತು. ಬಸ್‌ಸ್ಟ್ಯಾಂಡಿನ ಕಂಟ್ರೋಲರನ ಖಿಡಕಿಗೆ ಹೋಗಿ ಕೇಳಿದೆ. "ಬರ್ತೈತ್ರಿ. ಎಲ್ಲ್ಯರೆ ನಿಂತಿರಬೇಕು" ಎಂದು ಅವನು ತಲೆ ಎತ್ತದೆ ಹೇಳಿದ. ಮತ್ತೆ ಹೋದೆ, ಮತ್ತೆ ಅದೇ ಮಾತು. ಹುಡುಗಿಯರು ಕಟ್ಟೆಯ ಮೇಲೆ ಒತ್ತೊತ್ತಾಗಿ ಕುಳಿತು ಒಂದು ಪುಸ್ತಕದ ಮೇಲೆ ಬಾಗಿದ್ದರು. ಪಾನ್ ಅಂಗಡಿಯ ಮುಂದೆ ನಿಂತ ಗಂಡಸರು ಇತ್ತ ನೋಡುವುದು, ತಮ್ಮೊಳಗೆ ಏನೋ ಅಂದುಕೊಂಡು ನಗುವುದು ಶುರುವಾಯಿತು. ನಾನು ಹೋಗಿ ಅವರಿಗೂ ಹುಡುಗಿಯರಿಗೂ ನಡುವೆ ನಿಂತೆ. ನನ್ನ ಮೈ ತೆಳ್ಳಗಿನದು, ಎಷ್ಟು ಮರೆಯಾದೀತು?

ಮರೋಳದ ಬಸ್‌ಸ್ಟ್ಯಾಂಡಿನಲ್ಲಿ ಯಜಮಾನರು ನಿಂತಿರುತ್ತಾರೆ. ನಾಳೆ ಬೆಂಚು ಖಾಲಿ. ಅಷ್ಟರವರೆಗೆ ಅದೇ ಹಳೆಯ ಅಂಜಿಕೆ. ಆದರೆ ಕತ್ತಲು ಇಳಿಯುತ್ತ ಬಂದ ಹಾಗೆ ನನ್ನ ನೌಕರಿ, ಮದುವೆ, ಇಳಕಲ್ಲು ಎಲ್ಲ ಮರೆತೇಹೋಗಿ, ಈ ಮಕ್ಕಳು ಮನೆ ಮುಟ್ಟಿದರೆ ಸಾಕು ಎಂಬ ಒಂದೇ ಮಾತು ಎದೆಯಲ್ಲಿ ಬಡಿಯತೊಡಗಿತು. ಅಜ್ಜಿ ಹೇಳಿದ ಲೆಕ್ಕಕ್ಕೆ ಈ ಅಂಜಿಕೆ ಸಿಗಲಿಲ್ಲ. ಕಾಲಿಗೆ ಬಂದಿತ್ತು, ಆದರೆ ಓಡುವ ಹಾಗಿರಲಿಲ್ಲ.

ಕೊನೆಗೆ ಬಸ್ಸು ಬಂತು, ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಕಂಡಕ್ಟರ್ "ಜಾಗಾ ಇಲ್ಲ" ಎಂದ. ನಾನು ಜೀವಮಾನದಲ್ಲಿ ಯಾರ ಮೇಲೂ ಕೂಗಿದವನಲ್ಲ. ಅವತ್ತು ಫುಟ್‌ಬೋರ್ಡು ಹತ್ತಿ, ಕಂಬಿ ಹಿಡಿದು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ, ಗಂಡಸರು ಇಳಿದು ದಾರಿ ಬಿಟ್ಟರು. ಹುಡುಗಿಯರನ್ನು ಒಬ್ಬೊಬ್ಬರಾಗಿ ಹತ್ತಿಸಿದೆ, ಹತ್ತಿದವರನ್ನು ಕಿಟಕಿಯಿಂದ ಮತ್ತೊಮ್ಮೆ ನೋಡಿಕೊಂಡೆ. ಎತ್ತರದ ಹುಡುಗಿ ಸರಳಿಗೆ ಮುಖ ಆನಿಸಿ ನನ್ನನ್ನೇ ನೋಡುತ್ತಿದ್ದಳು.

"ಸರ, ನೀವ್ಯಾಕ ಇಷ್ಟ ಅಂಜ್ತೀರಿ?" ಎಂದಳು. "ನಾಳಿನೂ ಬರ್ತೇವ್ರಿ."

ಕಂಡಕ್ಟರ್ ರೈಟ್ ಎಂದ. ಬಸ್ಸು ಹೊರಟಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ನಾನು ಅಲ್ಲೇ ನಿಂತಿದ್ದೆ.